ಹಿಂದುಳಿದ ಮಗುವಿಗೆ ಮೂರು ಮೆಟ್ಟಿಲು

ಯಾದಗಿರಿ ಕಡೆ ಹತ್ತಿ ಬಿಡಿಸುವ ದಿನಗಳಲ್ಲಿ ನನ್ನ ನಾಲ್ಕನೇ ತರಗತಿ ಅರ್ಧ ಖಾಲಿ. ಮರಳಿ ಬಂದವರನ್ನು ದಡ್ಡರು ಎನ್ನಬೇಡಿ. ಒಬ್ಬೊಬ್ಬರಿಂದಲೂ ಒಂದು ಪ್ಯಾರಾ ಓದಿಸಿ, ಎಲ್ಲಿ ತಡವರಿಸಿದರು ಎಂದು ಬರೆದಿಡಿ. ಇಡೀ ತರಗತಿಗೆ ಚೆನ್ನಾಗಿ ಕಲಿಸುವುದೇ ಮೊದಲ ಮೆಟ್ಟಿಲು. ಆಮೇಲೂ ಹಿಂದುಳಿದ ನಾಲ್ಕೈದು ಮಕ್ಕಳನ್ನು ದಿನಾ 20 ನಿಮಿಷ ಸುತ್ತ ಕೂರಿಸಿಕೊಂಡು ಕಲಿಸಿ, ಇದು ಎರಡನೆಯದು. ವಾರಕ್ಕೊಮ್ಮೆ ಮತ್ತೆ ಓದಿಸಿ. ಆರು ವಾರವಾದರೂ ಸುಧಾರಿಸದಿದ್ದರೆ ಆ ಒಂದು ಮಗುವಿಗೇ ಪ್ರತ್ಯೇಕ ಸಮಯ ಕೊಡಿ, ಇದು ಮೂರನೆಯದು.

ನಡತೆಗೂ ಇದೇ ದಾರಿ. ಒಬ್ಬ ಹುಡುಗ ಗಣಿತದ ಪಿರಿಯಡ್‌ನಲ್ಲಷ್ಟೇ ಪಕ್ಕದವರಿಗೆ ಹೊಡೆಯುತ್ತಿದ್ದ. ಹೊರಗೆ ನಿಲ್ಲಿಸಿದೆ, ಅದು ನನ್ನ ತಪ್ಪು. ಅವನಿಗೆ ಹತ್ತರ ಸ್ಥಾನದಿಂದ ಸಾಲ ತೆಗೆದು ಕಳೆಯುವುದೇ ಬರುತ್ತಿರಲಿಲ್ಲ. ಹತ್ತು ಹತ್ತು ಕಡ್ಡಿಯ ಕಟ್ಟು, ಬಿಡಿ ಕಡ್ಡಿ ಕೊಟ್ಟು 42ರಲ್ಲಿ 17 ಕಳೆ ಎಂದೆ. “ಹತ್ತರದ್ದೊಂದು ಕಟ್ಟು ಬಿಚ್ಚಲೇನ್ರಿ ಟೀಚರ್?” ಎಂದ. ಅವತ್ತು ಅವನು ಯಾರಿಗೂ ಹೊಡೆಯಲಿಲ್ಲ.