ಬಳ್ಳಾರಿಯಲ್ಲಿ ಹೆರಿಗೆ, ಕೊಪ್ಪಳದಲ್ಲಿ ಮನೆ: ಜನನ ಪ್ರಮಾಣಪತ್ರ ಎಲ್ಲಿ ಸಿಗುತ್ತದೆ?

ಮಗು ಹುಟ್ಟಿದ ಜಾಗದಲ್ಲೇ ನೋಂದಣಿ, ಅಪ್ಪನ ಊರಲ್ಲಲ್ಲ. ತವರಿಗೆ ಬಂದು ಬಳ್ಳಾರಿಯ ಖಾಸಗಿ ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ ಕೊಪ್ಪಳ ನಗರಸಭೆಗೆ ಅಲೆದು ಪ್ರಯೋಜನವಿಲ್ಲ. ಬಳ್ಳಾರಿ ಮಹಾನಗರ ಪಾಲಿಕೆಯ ಜನನ-ಮರಣ ವಿಭಾಗಕ್ಕೇ ಹೋಗಬೇಕು.

ಆಸ್ಪತ್ರೆಯವರೇ ಮಾಹಿತಿ ಕಳಿಸುತ್ತಾರೆ, ನಿಜ. ಆದರೆ ತಪ್ಪು ನುಸುಳುವುದೂ ಅಲ್ಲೇ. ಡಿಸ್ಚಾರ್ಜ್‌ಗೆ ಮುನ್ನ ಅವರು ತುಂಬಿದ ಫಾರಂ ಕೇಳಿ ನೋಡಿ: ತಂದೆ-ತಾಯಿ ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಇದೆಯೇ, ಇನಿಷಿಯಲ್ ಸರಿಯಿದೆಯೇ, ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಒಂದಕ್ಷರವೂ ಹೆಚ್ಚುಕಮ್ಮಿ ಆಗಿಲ್ಲವೇ. ತಾಯಿಯ ಹೆಸರು ಒಂದು ಕಡೆ ತವರಿನದು, ಇನ್ನೊಂದು ಕಡೆ ಗಂಡನ ಮನೆಯದು ಇದ್ದರೆ ಮುಂದೆ ತೊಂದರೆ ಖಂಡಿತ. ಈಗ ಪೆನ್ನಿನಲ್ಲಿ ಸರಿಹೋಗುವ ತಪ್ಪಿಗೆ ಆಮೇಲೆ ದಾಖಲೆಗಳನ್ನು ಹೊತ್ತು ತಿರುಗಬೇಕಾಗುತ್ತದೆ.

ಮಗು ಹುಟ್ಟಿದ 21 ದಿನದೊಳಗೆ ನೋಂದಣಿಯಾದರೆ ಶುಲ್ಕವಿಲ್ಲ. 30 ದಿನದವರೆಗೆ ತಡ ಶುಲ್ಕ, ಅದು ದಾಟಿದರೆ ಮೇಲಧಿಕಾರಿಯ ಲಿಖಿತ ಅನುಮತಿ. ವರ್ಷ ಕಳೆದರೆ ಮ್ಯಾಜಿಸ್ಟ್ರೇಟ್ ಆದೇಶವೇ ಬೇಕು.

ನಾಮಕರಣ ಆಗಿಲ್ಲವೆಂದು ದಯವಿಟ್ಟು ಕಾಯಬೇಡಿ. ಹೆಸರಿಲ್ಲದೆಯೂ ನೋಂದಣಿಯಾಗುತ್ತದೆ, 12 ತಿಂಗಳೊಳಗೆ ಅದೇ ಕಚೇರಿಯಲ್ಲಿ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಇದನ್ನು ಮರೆತವರೇ ಬಹಳ. ಶಾಲೆಗೆ ಸೇರಿಸುವ ದಿನ ಹೆಸರಿನ ಖಾನೆ ಖಾಲಿ ಇರುವುದು ಕಾಣುತ್ತದೆ, ಆಗ ತಡ ಶುಲ್ಕ ಕಟ್ಟಿ ಮತ್ತೆ ಬಳ್ಳಾರಿ ಬಸ್ಸು ಹತ್ತಬೇಕು.