ಆಫೀಸಿಗೆ ಇಪಿಎಬಿಎಕ್ಸ್ ಹಾಕುವಾಗ ಅರ್ಥಿಂಗ್ ಮೊದಲು, ಉಳಿದದ್ದೆಲ್ಲ ಆಮೇಲೆ

ಇಪಿಎಬಿಎಕ್ಸ್ ಅಂದರೆ ಆಫೀಸಿನ ಫೋನುಗಳನ್ನು ಒಂದಕ್ಕೊಂದು, ಹೊರಗಿನ ಲೈನಿಗೂ ಜೋಡಿಸುವ ಯಂತ್ರ. ಫೋನ್ ಲೈನಲ್ಲಿ ಏನು ಮಹಾ ಕರೆಂಟ್ ಇರುತ್ತದೆ ಅಂತ ಬರಿಗೈಯಲ್ಲೇ ವೈರ್ ತಿರುವುವವರು ಜಾಸ್ತಿ. ಲೈನ್ ಸುಮ್ನೆ ಇದ್ದಾಗ ಸುಮಾರು 48 ವೋಲ್ಟ್ ಡಿಸಿ, ಒಣ ಕೈಗೆ ಅದು ಅಷ್ಟಾಗಿ ಗೊತ್ತಾಗುವುದಿಲ್ಲ. ಆದರೆ ವೈರ್ ನಿಮ್ಮ ಕೈಯಲ್ಲಿರುವಾಗಲೇ ಯಾರೋ ಫೋನ್ ಮಾಡಿದರು ಅಂದುಕೊಳ್ಳಿ. ರಿಂಗ್ ಬರುವಾಗ 75ರಿಂದ 90 ವೋಲ್ಟ್ ಎಸಿ ಹರಿಯುತ್ತದೆ, ಚೆನ್ನಾಗಿಯೇ ಶಾಕ್ ಹೊಡೆಯುತ್ತದೆ. ಏಣಿ ಮೇಲಿದ್ದರೆ ಶಾಕಿಗಿಂತ ಕೆಳಗೆ ಬೀಳುವುದೇ ದೊಡ್ಡ ಅಪಾಯ. ಅದಕ್ಕೇ ಹೊರಗಿನ ಲೈನನ್ನು ಮೊದಲು ಬಿಡಿಸಿ, ಆಮೇಲೆ ಕೈ ಹಾಕಿ. ಗುಡುಗು ಮಿಂಚು ಶುರುವಾದರೆ ಕೆಲಸ ನಿಲ್ಲಿಸಿಬಿಡಿ.

ಈಗ ಅರ್ಥಿಂಗ್ ವಿಷಯ. ಪೆಟ್ಟಿಗೆಯನ್ನು ಗೋಡೆಗೆ ಕೂರಿಸಿದ ಮೇಲೆ ಮೊದಲು ಸೇರಿಸಬೇಕಾದ್ದು ಅರ್ಥ್ ವೈರ್. ಬಿಚ್ಚುವಾಗ ಕೊನೆಗೆ ತೆಗೆಯಬೇಕಾದ್ದೂ ಅದೇ. ಪ್ಲಗ್ಗಿನ ಮೂರನೇ ಪಿನ್ ಇದೆಯಲ್ಲ, ಇನ್ನೊಂದು ವೈರ್ ಯಾಕೆ ಅಂತ ಕೇಳುತ್ತಾರೆ. ಯಾರೋ ಪ್ಲಗ್ ಕಿತ್ತರು ಅಂದರೆ ಆ ಅರ್ಥ್ ಹೋಯಿತು, ಆದರೆ ಫೋನ್ ಕಂಪನಿಯಿಂದ ಬರುವ ಹೊರಗಿನ ಲೈನ್ (ಟ್ರಂಕ್ ಲೈನ್) ಹಾಗೇ ಇರುತ್ತದೆ, ಆಗ ಮಿಂಚಿನಿಂದ ದಿಢೀರನೆ ಏರುವ ವೋಲ್ಟೇಜ್, ಅಂದರೆ ಸರ್ಜ್ ಬಂದರೆ ಇಳಿಯುವುದಕ್ಕೆ ದಾರಿಯೇ ಇಲ್ಲ. ಆದ್ದರಿಂದ ಯಂತ್ರದ ಅರ್ಥ್ ಟರ್ಮಿನಲ್‌ನಿಂದ ಕಟ್ಟಡದ ಮುಖ್ಯ ಅರ್ಥ್ ಪಟ್ಟಿಗೆ ಹಸಿರು-ಹಳದಿ ವೈರ್ ಒಂದನ್ನು ಖಾಯಂ ಆಗಿ ಎಳೆಯಿರಿ. ಅದು ಎಷ್ಟು ದಪ್ಪ ಇರಬೇಕು ಅನ್ನುವುದು ಮ್ಯಾನುಯಲ್‌ನಲ್ಲಿರುತ್ತದೆ. ಫೋನಿಗೆ ಅಂತ ಬೇರೆ ರಾಡ್ ಹೂತು ಅದನ್ನು ಮುಖ್ಯ ಅರ್ಥಿಗೆ ಸೇರಿಸದೆ ಬಿಡುವವರಿದ್ದಾರೆ, ಇದು ಅರ್ಥಿಂಗ್ ಇಲ್ಲದ್ದಕ್ಕಿಂತ ಒಳ್ಳೆಯದು ಅನ್ನಿಸಬಹುದು, ಆದರೆ ಮಿಂಚು ಹೊಡೆದಾಗ ಎರಡು ಅರ್ಥ್‌ಗಳ ನಡುವೆ ಏಳುವ ವೋಲ್ಟೇಜ್ ನೇರ ನಿಮ್ಮ ಯಂತ್ರದೊಳಗೇ ಹಾಯುತ್ತದೆ. ಗ್ಯಾಸ್ ಪೈಪಿಗಂತೂ ಯಾವತ್ತೂ ಕಟ್ಟಬೇಡಿ.

ಲೈನ್ ಕಟ್ಟಡದೊಳಗೆ ಬರುವ ಜಾಗದಲ್ಲೇ ಸರ್ಜ್ ಅರೆಸ್ಟರ್, ಅಂದರೆ ಸರ್ಜನ್ನು ಅರ್ಥಿಗೆ ಇಳಿಸುವ ಸಾಧನ ಹಾಕಿ. ಅದರ ಅರ್ಥ್ ವೈರ್ ಗಿಡ್ಡ ಇರಲಿ, ನೇರ ಇರಲಿ, ಸುತ್ತಿ ಸುರುಳಿ ಮಾಡಬೇಡಿ. ಎದುರಿನ ಕಟ್ಟಡಕ್ಕೆ ಎಕ್ಸ್‌ಟೆನ್ಶನ್ ಎಳೆದಿದ್ದರೆ ಎರಡೂ ತುದಿಗೆ ಅರೆಸ್ಟರ್ ಬೇಕು. ಇದನ್ನು ಮರೆಯುವವರೇ ಬಹಳ.

ಕೇಬಲ್ ಬಗ್ಗೆ ಹೇಳುವುದು ಕಡಿಮೆ. ಕರೆಂಟ್ ವೈರ್ ಹೋಗುವ ಪೈಪಿನಲ್ಲೇ ಫೋನ್ ಕೇಬಲ್ ತುರುಕಬೇಡಿ. ಗೋಡೆಗೆ ಕೊರೆದ ತೂತನ್ನು ಬೆಂಕಿ ತಡೆಯುವ ಸಾಮಗ್ರಿಯಿಂದಲೇ ಮುಚ್ಚಿ.

ಇನ್ನು ಕಾಯಿದೆ. ಯಂತ್ರ ಕೊಳ್ಳುವ ಮೊದಲೇ ಲೇಬಲ್ ನೋಡಿ, ಹಾಕಿದ ಮೇಲೆ ನೋಡಿ ಏನು ಪ್ರಯೋಜನ? ಭಾರತದಲ್ಲಿ ಟಿಇಸಿ (ದೂರಸಂಪರ್ಕ ಎಂಜಿನಿಯರಿಂಗ್ ಕೇಂದ್ರ) ಪ್ರಮಾಣಪತ್ರ, ಅಮೆರಿಕದಲ್ಲಿ ಅಲ್ಲಿನ ಸಂಪರ್ಕ ಆಯೋಗ ಎಫ್‌ಸಿಸಿಯದು, ಯುರೋಪಿನಲ್ಲಿ ಸಿಇ ಗುರುತು, ಹೀಗೆ ಒಂದೊಂದು ಕಡೆ ಒಂದೊಂದು. ಒಂದು ಕಡೆಯ ಗುರುತು ಇನ್ನೊಂದು ಕಡೆ ನಡೆಯುತ್ತದೆ ಅಂತ ಅಂದುಕೊಳ್ಳಬೇಡಿ. ‘ಕ್ಲಾಸ್ ಎ’ ಅಂತ ಬರೆದಿದ್ದರೆ ಅದು ಆಫೀಸು, ಕಾರ್ಖಾನೆಗೆ ಮಾಡಿದ್ದು, ಮನೆಗಳ ಮಧ್ಯೆ ಹಾಕಿದರೆ ಅಕ್ಕಪಕ್ಕದವರ ರೇಡಿಯೋ, ಟಿವಿಗೆ ತೊಂದರೆ ಕೊಡಬಹುದು.

ತುರ್ತು ಕರೆಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಹೊರಗಿನ ಲೈನ್ ಸಿಗಬೇಕಾದರೆ ಮೊದಲು 0 ಅಥವಾ 9 ಒತ್ತಬೇಕು ಅನ್ನುವ ಅಭ್ಯಾಸ ಸಿಬ್ಬಂದಿಗೆ ಇರುತ್ತದೆ, ಹೊಸಬರಿಗೆ ಇರುವುದಿಲ್ಲ ಅಲ್ವಾ? 112 ಅಥವಾ 911, ನಿಮ್ಮಲ್ಲಿ ಯಾವುದೋ ಅದು, ನೇರವಾಗಿ ಒತ್ತಿದರೂ ಹೋಗುವಂತೆ ಪ್ರೋಗ್ರಾಂ ಮಾಡಿ. ಅಮೆರಿಕದಲ್ಲಿ 2020ರ ಫೆಬ್ರವರಿ 16ರ ನಂತರ ಹಾಕುವ ಬಹು-ಲೈನ್ ವ್ಯವಸ್ಥೆಗಳಿಗೆ ಇದು ಕಾನೂನೇ ಆಗಿದೆ.

ಕರೆಂಟ್ ಹೋದಾಗ ಯಂತ್ರ ನಡೆಸುವ ಬ್ಯಾಟರಿ ಜೋಡಿಸುವಾಗ ಉಂಗುರ, ವಾಚು ತೆಗೆದಿಡಿ. ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಹಾಗಾಗಿ ಗಾಳಿ ಆಡದ ಕಪಾಟಿನಲ್ಲಿ ಇಡಬೇಡಿ. ಕೊನೆಗೆ ಮೇನ್ ಸ್ವಿಚ್ ಆಫ್ ಮಾಡಿ, ಯಾವ ಫೋನ್ ಬದುಕಿದೆ ನೋಡಿ, ಕರೆಂಟ್ ಹೋದಾಗಲೂ ಇದು ನಡೆಯುತ್ತದೆ ಅಂತ ಅದರ ಮೇಲೆ ಒಂದು ಚೀಟಿ ಅಂಟಿಸಿ.