ಐದು ವರ್ಷ, ಎರಡು ಪದವಿ: ಹೈದರಾಬಾದ್ ಐಐಐಟಿಯ ಡ್ಯುಯಲ್ ಡಿಗ್ರಿಗೆ ಅರ್ಜಿ ಹಾಕಿದ ಬಗೆ

ಗೊಂದಲ ಐಐಐಟಿ (ಮಾಹಿತಿ ತಂತ್ರಜ್ಞಾನ ಸಂಸ್ಥೆ) ಎಂಬ ಹೆಸರಿನಿಂದಲೇ ಶುರುವಾಗುತ್ತದೆ. ಧಾರವಾಡ, ರಾಯಚೂರಿನ ಐಐಐಟಿಗಳಿಗೆ ಸೀಟು ಸಿಗುವುದು ಐಐಟಿಗಳಂಥ ಸಂಸ್ಥೆಗಳ ಸೀಟು ಹಂಚುವ ಜೋಸಾ ಕೌನ್ಸೆಲಿಂಗ್‌ನಲ್ಲಿ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ ಐಐಐಟಿ ಮತ್ತು ಹೈದರಾಬಾದಿನ ಗಚ್ಚಿಬೌಲಿಯ ಐಐಐಟಿ ಜೋಸಾ ಪಟ್ಟಿಯಲ್ಲಿಲ್ಲ, ನಮ್ಮ ರಾಜ್ಯದ ಸೀಟು ಹಂಚುವ ಕೆಇಎ ಪಟ್ಟಿಯಲ್ಲೂ ಇಲ್ಲ. ಇವೆರಡಕ್ಕೂ ಅವರವರ ಜಾಲತಾಣದಲ್ಲೇ ಪ್ರತ್ಯೇಕ ಅರ್ಜಿ ಹಾಕಬೇಕು. ದೇಶಮಟ್ಟದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಜೆಇಇಯನ್ನು ಚೆನ್ನಾಗಿ ಬರೆದು, ರ‍್ಯಾಂಕ್ ಬಂದ ಮೇಲೆ ನೋಡೋಣ ಎಂದು ಕುಳಿತವರು ಜೂನ್‌ನಲ್ಲಿ ತಾಣ ತೆರೆದರೆ ಅರ್ಜಿಯ ಅವಧಿ ಮುಗಿದೇ ಹೋಗಿರಬಹುದು. ಅಂಕ ಕಡಿಮೆಯಾಗಿ ಸೀಟು ತಪ್ಪುವುದಕ್ಕಿಂತ ಹೀಗೆ ತಪ್ಪುವುದು ಹೆಚ್ಚು ಹೊಟ್ಟೆ ಉರಿಸುವ ಸಂಗತಿ.

ಕಂಪ್ಯೂಟರ್ ಸೈನ್ಸ್‌ನಲ್ಲಿ ಬಿ.ಟೆಕ್ ಮತ್ತು ಸ್ನಾತಕೋತ್ತರ ಪದವಿ ಎರಡನ್ನೂ ಒಟ್ಟಿಗೆ ಕೊಡುವ ಐದು ವರ್ಷದ ಕೋರ್ಸುಗಳಲ್ಲಿ ಮೂರು ಬಗೆ ನಮ್ಮ ಕಣ್ಣಿಗೆ ಬೀಳುತ್ತವೆ. ಐಐಟಿಗಳ ಡ್ಯುಯಲ್ ಡಿಗ್ರಿಗೆ ಬೇರೆ ಅರ್ಜಿ ಬೇಡ. ಜೆಇಇ ಅಡ್ವಾನ್ಸ್ಡ್ (ಜೆಇಇಯ ಎರಡನೇ ಹಂತ) ರ‍್ಯಾಂಕ್ ಇಟ್ಟುಕೊಂಡು ಜೋಸಾದಲ್ಲಿ ಆಯ್ಕೆ ತುಂಬುವಾಗ ಕೋರ್ಸಿನ ಹೆಸರಿನ ಪಕ್ಕ ‘5 ವರ್ಷ’ ಎಂದು ಇರುತ್ತದೆ, ಅದನ್ನು ಗಮನಿಸಿದರೆ ಸಾಕು. ಬೆಂಗಳೂರು ಐಐಐಟಿಯದು ಇಂಟಿಗ್ರೇಟೆಡ್ ಎಂ.ಟೆಕ್, ಅಲ್ಲಿ ಮೊದಲ ಹಂತವಾದ ಜೆಇಇ ಮೇನ್ ರ‍್ಯಾಂಕ್ ನಡೆಯುತ್ತದೆ. ಹೈದರಾಬಾದಿನದು ಬಿ.ಟೆಕ್ ಜತೆ ‘ಎಂ.ಎಸ್. ಬೈ ರಿಸರ್ಚ್’. ಈ ‘ಬೈ ರಿಸರ್ಚ್’ ಎಂಬ ಬಾಲ ಚಿಕ್ಕದಾಗಿ ಕಂಡರೂ ಅರ್ಜಿಯ ಸ್ವರೂಪವನ್ನೇ ಬದಲಿಸುತ್ತದೆ. ಎಂ.ಟೆಕ್‌ನಲ್ಲಿ ಪಾಠಗಳ ಭಾರ ಹೆಚ್ಚು. ಇಲ್ಲಿ ಒಂದು ಸಂಶೋಧನಾ ಕೇಂದ್ರ ಸೇರಿ, ಮಾರ್ಗದರ್ಶಕರ ಕೆಳಗೆ ಕೆಲಸ ಮಾಡಿ, ಥೀಸಿಸ್ (ಸಂಶೋಧನಾ ಪ್ರಬಂಧ) ಬರೆದು ಒಪ್ಪಿಸಬೇಕು. ಆದ್ದರಿಂದಲೇ ಇದಕ್ಕೆ ಬೇರೆಯದೇ ಪ್ರವೇಶ ಪರೀಕ್ಷೆ: ಯುಜಿಇಇ. ಅದರ ಮೇಲೆ ಸಂದರ್ಶನ. ಅದೇ ಸಂಸ್ಥೆಯ ನಾಲ್ಕು ವರ್ಷದ ಬಿ.ಟೆಕ್‌ಗೆ ಜೆಇಇ ಮೇನ್ ಮೂಲಕ ಇನ್ನೊಂದು ಬಾಗಿಲಿದೆ. ನಾನು ಎರಡಕ್ಕೂ ಅರ್ಜಿ ಹಾಕಿದೆ, ನೀವೂ ಹಾಕಿ. ಎರಡು ಅರ್ಜಿ, ಎರಡು ಶುಲ್ಕ, ಎರಡು ಕೊನೆಯ ದಿನಾಂಕ.

ದಿನಾಂಕಗಳು ವರ್ಷ ವರ್ಷ ಹಿಂದೆ ಮುಂದೆ ಆಗುತ್ತವೆ, ಸರದಿ ಮಾತ್ರ ಹೆಚ್ಚು ಕಡಿಮೆ ಒಂದೇ. ಜನವರಿಯಲ್ಲಿ ಜೆಇಇ ಮೇನ್ ಮೊದಲ ಸುತ್ತು. ಫೆಬ್ರವರಿ–ಮಾರ್ಚ್ ಸುಮಾರಿಗೆ ಯುಜಿಇಇ ಅರ್ಜಿ. ಮಾರ್ಚ್‌ನಲ್ಲಿ ದ್ವಿತೀಯ ಪಿಯು ಪರೀಕ್ಷೆ, ಏಪ್ರಿಲ್‌ನಲ್ಲಿ ಜೆಇಇ ಮೇನ್ ಎರಡನೇ ಸುತ್ತು ಮತ್ತು ಕೆಸಿಇಟಿ (ರಾಜ್ಯದ ಪ್ರವೇಶ ಪರೀಕ್ಷೆ), ಮೇ ತಿಂಗಳ ಆರಂಭದಲ್ಲಿ ಯುಜಿಇಇ. ಪಿಯು ಪ್ರಾಯೋಗಿಕ ಪರೀಕ್ಷೆಯ ಗಡಿಬಿಡಿಯಲ್ಲಿ ಈ ಅರ್ಜಿ ಮರೆತುಹೋಗುವುದು ಸಹಜ. ತಾಣ ತೆರೆದ ವಾರವೇ ತುಂಬಿ ಮುಗಿಸಿ.

ಅರ್ಜಿ ತುಂಬುವಾಗ ಕರ್ನಾಟಕದ ಹುಡುಗ ಹುಡುಗಿಯರಿಗೆ ಕಾಡುವುದು ಇನಿಷಿಯಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೋ ಹಿಂದೋ ಎರಡಕ್ಷರ ಇರುತ್ತದೆ, ಆಧಾರ್‌ನಲ್ಲಿ ಊರು, ತಂದೆಯ ಹೆಸರು ಪೂರ್ತಿ ಬಿಡಿಸಿರುತ್ತದೆ, ಪಿಯು ನೋಂದಣಿಯಲ್ಲಿ ಮೂರನೆಯದೊಂದು ರೂಪ. ಯಂತ್ರಕ್ಕೆ ಇವರು ಮೂವರು ಬೇರೆ ಬೇರೆ ಮನುಷ್ಯರು. ಹತ್ತನೇ ತರಗತಿ ಅಂಕಪಟ್ಟಿಯ ಹೆಸರನ್ನು ಮೂಲ ಎಂದಿಟ್ಟುಕೊಂಡು, ಪ್ರಥಮ ಪಿಯು ರಜೆಯಲ್ಲೇ ಆಧಾರ್ ತಿದ್ದಿಸಿಕೊಳ್ಳಿ. ಚುಕ್ಕಿ, ಖಾಲಿ ಜಾಗ ಕೂಡ ಎಲ್ಲ ಅರ್ಜಿಯಲ್ಲೂ ಒಂದೇ ಥರ ಇರಲಿ. ನಾನು ಹೆಸರು, ಹುಟ್ಟಿದ ದಿನಾಂಕ, ವಿಳಾಸ, ಜೆಇಇ ಅರ್ಜಿ ಸಂಖ್ಯೆ ಎಲ್ಲವನ್ನೂ ಒಂದು ಕಡತದಲ್ಲಿ ಬರೆದಿಟ್ಟು, ಪ್ರತಿ ಅರ್ಜಿಗೂ ಅಲ್ಲಿಂದಲೇ ನಕಲು ಮಾಡಿದೆ. ಕೈಯಿಂದ ಹೊಸದಾಗಿ ಟೈಪ್ ಮಾಡಿದಷ್ಟೂ ತಪ್ಪು ಹೆಚ್ಚು. ಇಮೇಲ್ ಮತ್ತು ಮೊಬೈಲ್ ಸಂಖ್ಯೆ ನಿಮ್ಮ ಕೈಯಲ್ಲೇ ಇರಲಿ, ಸೈಬರ್ ಅಂಗಡಿಯವರದ್ದಾಗಲಿ ಕೋಚಿಂಗ್‌ನವರದ್ದಾಗಲಿ ಬೇಡ. ಸಂದರ್ಶನದ ಕರೆ ಬರುವುದು ಅದಕ್ಕೇ.

ಯಾವ ಕೋರ್ಸು ಎಂದು ಆದ್ಯತೆ ಕೊಡುವ ಪ್ರಶ್ನೆ ಬಂದಾಗ ಬಹಳ ಮಂದಿ ಕಂಪ್ಯೂಟರ್ ಸೈನ್ಸ್ ಮೊದಲು ಹಾಕಿ ಉಳಿದದ್ದನ್ನು ಕಣ್ಣುಮುಚ್ಚಿ ತುಂಬುತ್ತಾರೆ. ಎರಡೂ ಪದವಿ ಕಂಪ್ಯೂಟರ್ ಸೈನ್ಸ್‌ನಲ್ಲೇ ಇರುವ ಕೋರ್ಸಲ್ಲದೆ, ಬಿ.ಟೆಕ್ ಮಾತ್ರ ಕಂಪ್ಯೂಟರ್ ಸೈನ್ಸ್‌ನಲ್ಲಿದ್ದು ಎಂ.ಎಸ್. ಭಾಷಾಶಾಸ್ತ್ರ, ನೈಸರ್ಗಿಕ ವಿಜ್ಞಾನ ಅಥವಾ ಮಾನವಿಕಗಳ ಕಡೆಗೆ ಹೊರಳುವ ಕೋರ್ಸುಗಳೂ ಇವೆ. ‘ಹೇಗೂ ಬಿ.ಟೆಕ್ ಸಿಎಸ್ ಸಿಗುತ್ತಲ್ಲ’ ಎಂಬ ಲೆಕ್ಕದಲ್ಲಿ ಇವನ್ನು ಹಿಡಿಯಬೇಡಿ. ಥೀಸಿಸ್ ಆ ವಿಷಯದಲ್ಲೇ ಬರೆಯಬೇಕು. ವಾಕ್ಯ ಬಿಡಿಸಿ ನೋಡುವುದರಲ್ಲಿ ಖುಷಿ ಸಿಗದವರಿಗೆ ಭಾಷಾಶಾಸ್ತ್ರದ ಎರಡು ವರ್ಷ ದೊಡ್ಡ ಶಿಕ್ಷೆ. ಖುಷಿ ಸಿಗುವವರಿಗೋ, ದೇಶದಲ್ಲಿ ಇಂಥ ಜಾಗಗಳು ಹೆಚ್ಚಿಲ್ಲ.

ಇನ್ನು ಪರೀಕ್ಷೆ. ಒಟ್ಟು 3 ಗಂಟೆ, ಎರಡು ಭಾಗ. ಮೊದಲನೆಯದರ ಹೆಸರು ಸೂಪರ್ (SUPR): ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರದ 50 ಪ್ರಶ್ನೆ, 60 ನಿಮಿಷ. ಎರಡನೆಯದು ರೀಪ್ (REAP): ಸಂಶೋಧನಾ ಮನೋಭಾವ ಅಳೆಯುವ 50 ಪ್ರಶ್ನೆ, 120 ನಿಮಿಷ. ಸೂಪರ್ ಒಂದು ಜರಡಿಯಷ್ಟೇ. ಅದರ ಕಟಾಫ್ (ಕನಿಷ್ಠ ಅಂಕ) ದಾಟಿದವರನ್ನು ರೀಪ್ ಅಂಕದ ಮೇಲೆ ಸಂದರ್ಶನಕ್ಕೆ ಕರೆಯುತ್ತಾರೆ. ಅಂದರೆ ಸೂಪರ್‌ನಲ್ಲಿ ಕಟಾಫ್‌ಗಿಂತ ಹತ್ತು ಅಂಕ ಹೆಚ್ಚು ತೆಗೆದರೂ ರೀಪ್‌ಗೆ ಅದು ಕೂಡಿಬರುವುದಿಲ್ಲ. ಜೆಇಇಗೆ ಓದಿದವರು ಸೂಪರ್‌ಗೆಂದು ಬೇರೆ ಪುಸ್ತಕ ತೆರೆಯಬೇಕಾಗಿಲ್ಲ, ವೇಗವನ್ನಷ್ಟೇ ಬದಲಿಸಿಕೊಳ್ಳಬೇಕು.

ಆ ವೇಗದ ಲೆಕ್ಕ ಹೀಗಿದೆ. ಸೂಪರ್‌ನಲ್ಲಿ ಪ್ರಶ್ನೆಯೊಂದಕ್ಕೆ 72 ಸೆಕೆಂಡು. ಕೆಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಅಂದರೆ 80 ಸೆಕೆಂಡು. ಜೆಇಇ ಮೇನ್‌ನಲ್ಲಿ 180 ನಿಮಿಷಕ್ಕೆ 75 ಪ್ರಶ್ನೆ, ಅಂದರೆ 144 ಸೆಕೆಂಡು. ರೀಪ್‌ನಲ್ಲೂ ಸರಿಯಾಗಿ 144. ಹಾಗಾಗಿ ಸೂಪರ್‌ಗೆ ಕೆಸಿಇಟಿಯ ಕೈ ಬೇಕು, ರೀಪ್‌ಗೆ ಜೆಇಇಯ ತಾಳ್ಮೆ. ಬರೀ ಜೆಇಇ ಮಾದರಿ ಪರೀಕ್ಷೆ ಬರೆದು ಬಂದವರು ಸೂಪರ್‌ನಲ್ಲಿ ಮೂವತ್ತನೇ ಪ್ರಶ್ನೆಯ ಹೊತ್ತಿಗೆ ಗಡಿಯಾರ ನೋಡಿ ಬೆಚ್ಚುತ್ತಾರೆ. ಇದಕ್ಕೆ ನಾನು ಕಂಡುಕೊಂಡ ದಾರಿ: ಹಳೆಯ ಕೆಸಿಇಟಿ ಪತ್ರಿಕೆಗಳಿಂದ ಮೂರೂ ವಿಷಯ ಕಲಸಿ 50 ಪ್ರಶ್ನೆ ಆರಿಸಿ, 55 ನಿಮಿಷಕ್ಕೆ ಅಲಾರಂ ಇಟ್ಟು ಮಾಡುವುದು. ಹತ್ತು ಸಲ ಮಾಡಿದರೆ ಕೈ ಕುದುರುತ್ತದೆ.

ಕೆಸಿಇಟಿಯಿಂದ ಬರುವ ಕೆಟ್ಟ ಅಭ್ಯಾಸವೂ ಒಂದಿದೆ. ಅಲ್ಲಿ ತಪ್ಪಿಗೆ ಕಡಿತವಿಲ್ಲ, ಹಾಗಾಗಿ ಕೊನೆಯ ನಿಮಿಷದಲ್ಲಿ ಖಾಲಿ ಉಳಿದದ್ದಕ್ಕೆಲ್ಲ ಒಂದೇ ಅಕ್ಷರ ಒತ್ತಿ ಬರುತ್ತೇವೆ. ಯುಜಿಇಇಯಲ್ಲಿ ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಹೋಗುತ್ತದೆ. ನಾಲ್ಕು ಆಯ್ಕೆಗಳಲ್ಲಿ ಕುರುಡಾಗಿ ಒಂದನ್ನು ಒತ್ತಿದರೆ ಸರಾಸರಿ ಗಳಿಕೆ 1/4 − 3/16, ಅಂದರೆ ಅಂಕದ 1/16: ಹೆಚ್ಚು ಕಡಿಮೆ ಸೊನ್ನೆ. ಒಂದು ಆಯ್ಕೆಯನ್ನು ಖಚಿತವಾಗಿ ಹೊಡೆದುಹಾಕಿದ್ದರೆ ಅದು 1/6, ಎರಡನ್ನು ಹೊಡೆದರೆ 3/8. ಕುರುಡು ಊಹೆಯನ್ನು ಬಿಟ್ಟುಬಿಡಿ. ಎರಡು ಆಯ್ಕೆ ಹೊಡೆದುಹಾಕಿದ ಮೇಲೂ ಹೆದರಿ ಖಾಲಿ ಬಿಡುವುದು ಮಾತ್ರ ನಷ್ಟ.

ರೀಪ್‌ಗೆ ಪಠ್ಯಪುಸ್ತಕ ಇಲ್ಲ ಎನ್ನುವ ಮಾತು ಅರ್ಧ ನಿಜ. ತರ್ಕ, ಸಂಭವನೀಯತೆ, ಎಣಿಕೆ, ಗದ್ಯಭಾಗ ಓದಿ ತೀರ್ಮಾನಿಸುವುದು, ಹೊಸ ನಿಯಮವೊಂದನ್ನು ಕೊಟ್ಟು ಅದನ್ನೇ ಹಿಡಿದು ಲೆಕ್ಕ ಮಾಡಿಸುವುದು, ಭಾಷೆಯ ಒಗಟು, ಇಂಥವು ಬರುತ್ತವೆ. ಇದಕ್ಕೆ ಚೆನ್ನಾಗಿ ಒದಗುವ ಎರಡು ಭಂಡಾರಗಳಿವೆ. ಒಂದು, ಝೋನಲ್ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡ್‌ನ ಹಳೆಯ ಪತ್ರಿಕೆಗಳು. ಅದು ಕೋಡಿಂಗ್ ಇಲ್ಲದೆ ಪೆನ್ನು ಕಾಗದದಲ್ಲೇ ಮಾಡುವ ಪರೀಕ್ಷೆ, ಅಲ್ಗಾರಿದಮ್ (ಲೆಕ್ಕ ಬಿಡಿಸುವ ಹಂತಗಳ ಕ್ರಮ) ಎಂಬ ಹೆಸರು ಗೊತ್ತಿಲ್ಲದವರೂ ಮಾಡಬಹುದು. ಇನ್ನೊಂದು, ಭಾಷಾ ಒಗಟುಗಳ ಸ್ಪರ್ಧೆಯಾದ ಪಾಣಿನಿ ಲಿಂಗ್ವಿಸ್ಟಿಕ್ಸ್ ಒಲಿಂಪಿಯಾಡ್‌ನ ಪ್ರಶ್ನೆಗಳು.

ಭಾಷೆಯ ಒಗಟಿಗೆ ಕನ್ನಡವೇ ಒಳ್ಳೆಯ ಗರಡಿ. ಕನ್ನಡ ಬಾರದವನಿಗೆ ಈ ಜೋಡಿಗಳನ್ನು ಕೊಟ್ಟಂತೆ ಊಹಿಸಿಕೊಳ್ಳಿ: ಮನೆ–ಮನೆಗೆ, ಮರ–ಮರಕ್ಕೆ, ಊರು–ಊರಿಗೆ. ಅವನು ಮೊದಲು ಕಟ್ಟುವ ನಿಯಮ: ‘ಎ’ಯಲ್ಲಿ ಮುಗಿದರೆ ‘ಗೆ’, ‘ಅ’ದಲ್ಲಿ ಮುಗಿದರೆ ‘ಕ್ಕೆ’, ‘ಉ’ದಲ್ಲಿ ಮುಗಿದರೆ ಅದು ಬಿದ್ದು ‘ಇಗೆ’. ಈಗ ರಾಮ–ರಾಮನಿಗೆ ಕೊಡಿ. ‘ರಾಮಕ್ಕೆ’ ಏಕಾಗಲಿಲ್ಲ? ಮನುಷ್ಯವಾಚಕಕ್ಕೆ ದಾರಿ ಬೇರೆ ಎಂದು ನಿಯಮ ಒಡೆಯಬೇಕು. ಆಮೇಲೆ ಗುರು–ಗುರುವಿಗೆ. ಇದನ್ನೂ ಮನುಷ್ಯವಾಚಕದ ಲೆಕ್ಕಕ್ಕೆ ಹಾಕೋಣವೆಂದರೆ ಪಶು–ಪಶುವಿಗೆ ಎದುರು ನಿಲ್ಲುತ್ತದೆ. ಹಾಗಾದರೆ ಊರಿನ ‘ಉ’ ಬೇರೆ, ಪಶುವಿನ ‘ಉ’ ಬೇರೆ: ಮೊದಲನೆಯದು ‘ಊರ್’ ಎಂಬ ವ್ಯಂಜನಾಂತಕ್ಕೆ ಉಚ್ಚಾರದ ಅನುಕೂಲಕ್ಕೆ ಅಂಟಿದ್ದು, ಎರಡನೆಯದು ಪದದ್ದೇ ಸ್ವಂತ. ಊಹೆ ಕಟ್ಟು, ಮುರಿಯುವ ಉದಾಹರಣೆ ಹುಡುಕು, ಎಷ್ಟು ಬೇಕೋ ಅಷ್ಟೇ ತಿದ್ದು. ರೀಪ್ ಕೇಳುವುದು ಇದನ್ನೇ. ದಿನಕ್ಕೊಂದು ವಿಭಕ್ತಿ ಪ್ರತ್ಯಯ ಹಿಡಿದು ಹೀಗೆ ಬಿಡಿಸಿದರೆ ತಿಂಗಳಲ್ಲಿ ಮನಸ್ಸು ಹದಕ್ಕೆ ಬರುತ್ತದೆ.

ಜೆಇಇ ಮೇನ್ ಅನ್ನು ಕನ್ನಡದಲ್ಲೂ ಬರೆಯಬಹುದು, ಯುಜಿಇಇ ಮಾತ್ರ ಇಂಗ್ಲಿಷ್‌ನಲ್ಲೇ. ಕನ್ನಡ ಮಾಧ್ಯಮದಿಂದ ಬಂದವರಿಗೆ ಸೂಪರ್ ಅಷ್ಟು ತೊಂದರೆ ಕೊಡುವುದಿಲ್ಲ, ಸೂತ್ರಗಳ ಭಾಷೆ ಒಂದೇ. ರೀಪ್‌ನ ಉದ್ದ ಗದ್ಯದಲ್ಲಿ ಸಮಯ ಸೋರುತ್ತದೆ. ಜನವರಿಯಿಂದಲೇ ದಿನಕ್ಕೊಂದು ಇಂಗ್ಲಿಷ್ ವಿಜ್ಞಾನ ಲೇಖನ ಓದಿ, ಅದರಿಂದ ಖಂಡಿತ ಹೇಳಬಹುದಾದದ್ದು ಯಾವುದು, ಹೇಳಲಾಗದ್ದು ಯಾವುದು ಎಂದು ಎರಡೆರಡು ಸಾಲು ಬರೆಯಿರಿ.

ಸಂದರ್ಶನಕ್ಕೆ ಕರೆ ಬಂದರೆ ಅರ್ಧ ದಾರಿ ಸವೆಯಿತು, ಅಷ್ಟೇ. ಕೊನೆಯ ಆಯ್ಕೆಯಲ್ಲಿ ಇದರ ತೂಕವೇ ದೊಡ್ಡದು. ಎದುರಿಗೆ ಕೂರುವ ಪ್ರಾಧ್ಯಾಪಕರಿಗೆ ನಿಮ್ಮ ಉತ್ತರಕ್ಕಿಂತ ನೀವು ಸಿಕ್ಕಿಕೊಂಡಾಗ ಏನು ಮಾಡುತ್ತೀರಿ ಎಂಬ ಕುತೂಹಲ. ಅಭ್ಯಾಸಕ್ಕೆ ಒಂದು ಮಾದರಿ. ಚೌಕಾಬಾರದ ಮಣೆಯಲ್ಲಿ 25 ಮನೆ, ಪ್ರತಿ ಮನೆಯಲ್ಲೂ ಒಂದು ಕಾಯಿ. ಎಲ್ಲ ಕಾಯಿಗಳೂ ಏಕಕಾಲಕ್ಕೆ ಪಕ್ಕದ, ಮೇಲಿನ ಅಥವಾ ಕೆಳಗಿನ ಮನೆಗೆ ಒಂದು ಹೆಜ್ಜೆ ಸರಿದು, ಮತ್ತೆ ಮನೆಗೊಂದೇ ಕಾಯಿ ಇರುವಂತೆ ಮಾಡಬಹುದೇ? ಕೈಯಲ್ಲಿ ಪ್ರಯತ್ನಿಸಿದರೆ ಪ್ರತಿ ಸಲವೂ ಒಂದು ಕಾಯಿ ಅನಾಥ. ಮಣೆಗೆ ಚದುರಂಗದಂತೆ ಕಪ್ಪು ಬಿಳುಪು ಬಳಿಯಿರಿ: 13 ಕಪ್ಪು, 12 ಬಿಳಿ. ಪ್ರತಿ ಹೆಜ್ಜೆಯಲ್ಲೂ ಬಣ್ಣ ಬದಲಾಗುತ್ತದೆ, 13 ಕಾಯಿಗಳಿಗೆ 12 ಬಿಳಿ ಮನೆ ಸಾಲದು. ಆಗದು.

ಅಲ್ಲಿಗೆ ಮುಗಿಯುವುದಿಲ್ಲ, ಮುಂದಿನ ಪ್ರಶ್ನೆ ಬರುತ್ತದೆ: ಓರೆಯಾಗಿ ಸರಿಯಲೂ ಬಿಟ್ಟರೆ? ಇಲ್ಲಿ ಬಹಳ ಮಂದಿ ಹಳೆಯ ವಾದವನ್ನೇ ಎಳೆಯುತ್ತಾರೆ. ಓರೆ ಹೆಜ್ಜೆಯಲ್ಲಿ ಬಣ್ಣ ಬದಲಾಗುವುದಿಲ್ಲ, ವಾದ ಬಿದ್ದುಹೋಯಿತು. ಆದರೆ ವಾದ ಬಿದ್ದ ಮಾತ್ರಕ್ಕೆ ‘ಆಗುತ್ತದೆ’ ಎಂದೂ ಅಲ್ಲ, ಮಾಡಿ ತೋರಿಸಬೇಕು. ಮೊದಲ ಸಾಲಿನ ಮೊದಲೆರಡು ಮನೆ, ಎರಡನೇ ಸಾಲಿನ ಎರಡನೇ ಮನೆ, ಈ ಮೂರರ ಕಾಯಿಗಳನ್ನು ಸುತ್ತು ತಿರುಗಿಸಿ. ಎರಡನೇ ಸಾಲಿನ ಮೊದಲ ಮನೆಯನ್ನು ಅದರ ಕೆಳಗಿನದರ ಜತೆ ಅದಲುಬದಲು ಮಾಡಿ. ಉಳಿದ 20 ಮನೆ ಸಲೀಸಾಗಿ ಜೋಡಿಯಾಗುತ್ತವೆ. ಆಯಿತು. ನಾನು ಅಭ್ಯಾಸ ಮಾಡುವಾಗ ಪ್ರತಿ ಒಗಟಿಗೂ ಉತ್ತರ ಸಿಕ್ಕ ಮೇಲೆ ಒಂದು ಷರತ್ತು ಬದಲಿಸಿ ಮತ್ತೆ ಮಾಡುತ್ತಿದ್ದೆ. ಸಂದರ್ಶನದಲ್ಲಿ ಪ್ರಶ್ನೆ ಮುಂದುವರಿಯುವುದು ಹೀಗೇ. ಮೌನವಾಗಿ ಐದು ನಿಮಿಷ ಯೋಚಿಸಬೇಡಿ. ಏನು ಪ್ರಯತ್ನಿಸುತ್ತಿದ್ದೀರಿ, ಅದು ಏಕೆ ಕೈಕೊಟ್ಟಿತು ಎಂದು ಬಾಯಿಬಿಟ್ಟು ಹೇಳುತ್ತಿರಿ.

‘ಯಾವ ವಿಷಯದಲ್ಲಿ ಆಸಕ್ತಿ?’ ಎಂದರೆ ‘ಎಐ’ ಎಂದು ಮುಗಿಸುವುದು ಉತ್ತರವೇ ಅಲ್ಲ. ಸಂಸ್ಥೆಯಲ್ಲಿ ಭಾಷಾ ತಂತ್ರಜ್ಞಾನ, ಕಂಪ್ಯೂಟರ್ ದೃಷ್ಟಿ, ರೋಬೋಟಿಕ್ಸ್, ಭದ್ರತೆ ಮತ್ತು ಅಲ್ಗಾರಿದಮ್‌ಗಳಿಗೆ ಬೇರೆ ಬೇರೆ ಕೇಂದ್ರಗಳಿವೆ. ಒಂದೇ ಒಂದು ಕೇಂದ್ರದ ಪುಟ ತೆರೆದು, ಒಂದು ಪ್ರಬಂಧದ ಸಾರಾಂಶ ಓದಿ, ಒಳಕ್ಕೆ ಏನು ಕೊಡುತ್ತಾರೆ, ಹೊರಕ್ಕೆ ಏನು ಬರಬೇಕು, ಬಂದದ್ದು ಸರಿ ಎಂದು ಅಳೆಯುವುದು ಹೇಗೆ ಎಂಬ ಮೂರಕ್ಕೆ ಉತ್ತರ ಬರೆದುಕೊಳ್ಳಿ. ಯಂತ್ರಾನುವಾದದಲ್ಲಿ ಆಸಕ್ತಿ ಎಂದರೆ ‘ಬಂದ’ ಎಂಬ ಒಂದು ಪದದ ಉದಾಹರಣೆ ಸಾಕು: ‘ರಾಜು ಬಂದ’ ಮತ್ತು ‘ಬಂದ ರಾಜು’ ಎರಡರಲ್ಲೂ ಅದೇ ಪದ, ಒಂದೆಡೆ ಪೂರ್ಣ ಕ್ರಿಯೆ, ಇನ್ನೊಂದೆಡೆ ಹೆಸರಿಗೆ ವಿಶೇಷಣ. ಯಂತ್ರ ಇದನ್ನು ಹೇಗೆ ಬೇರ್ಪಡಿಸಬೇಕು ಎಂದು ಎರಡು ನಿಮಿಷ ಮಾತಾಡಬಲ್ಲವರು ಹತ್ತು ಆನ್‌ಲೈನ್ ಪ್ರಮಾಣಪತ್ರ ತೋರಿಸುವವರಿಗಿಂತ ಮುಂದಿರುತ್ತಾರೆ. ನೀವೇ ಬರೆಯದ ಪ್ರಾಜೆಕ್ಟ್ ಬಗ್ಗೆ ಬಾಯಿ ತೆರೆಯಬೇಡಿ. ಎರಡನೇ ಪ್ರಶ್ನೆಯಲ್ಲೇ ಬಣ್ಣ ಬಯಲಾಗುತ್ತದೆ.

ಸೀಟು ಸಿಕ್ಕ ಮೇಲೂ ಜಾರುವ ಜಾಗಗಳಿವೆ. ಅಷ್ಟು ಹೊತ್ತಿಗೆ ಜೋಸಾ, ಕೆಸಿಇಟಿ ಸುತ್ತುಗಳು ಮುಗಿದಿರುವುದಿಲ್ಲ. ಮುಂಗಡ ಕಟ್ಟುವ ಮೊದಲು ಹಿಂಪಡೆಯುವ ನಿಯಮ, ಅದರ ಕೊನೆಯ ದಿನ ಓದಿಕೊಳ್ಳಿ. ಪಿಯು ಕಾಲೇಜಿನ ವರ್ಗಾವಣೆ ಪತ್ರದ ಮೂಲ ಪ್ರತಿ ಒಂದೇ. ಮೊದಲು ಸಿಕ್ಕ ಎಂಜಿನಿಯರಿಂಗ್ ಕಾಲೇಜಿಗೆ ಅವಸರದಲ್ಲಿ ಕೊಟ್ಟುಬಿಟ್ಟರೆ ವಾಪಸ್ ಪಡೆಯಲು ವಾರಗಟ್ಟಲೆ ಅಲೆಯಬೇಕು. ಹೊರರಾಜ್ಯದ ಸಂಸ್ಥೆ ಪಿಯು ಮಂಡಳಿಯ ಮೈಗ್ರೇಷನ್ ಪ್ರಮಾಣಪತ್ರ ಕೇಳಬಹುದು, ಅಂಕಪಟ್ಟಿ ಬಂದ ಕೂಡಲೇ ಅದಕ್ಕೂ ಅರ್ಜಿ ಹಾಕಿ.

ಬ್ಯಾಂಕ್ ಸಾಲ ಮಾಡುವವರು ಇನ್ನೊಂದು ನೋಡಬೇಕು. ಶಿಕ್ಷಣ ಸಾಲದ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುವಾಗ ‘ಬಿ.ಟೆಕ್’ ಎಂದು ಆರಿಸಿದರೆ ಶಾಖೆಯವರು ರೂಢಿಯಂತೆ 4 ವರ್ಷ ಎಂದು ಬರೆದುಬಿಡುತ್ತಾರೆ. ಕಂತು ಶುರುವಾಗುವುದು ಸಾಮಾನ್ಯವಾಗಿ ಕೋರ್ಸ್ ಮುಗಿದು 1 ವರ್ಷಕ್ಕೆ. ಇಲ್ಲಿ ಕೋರ್ಸೇ 5 ವರ್ಷ, ಎರಡೂ ಪದವಿ ಕೈಗೆ ಬರುವುದು ಕೊನೆಯಲ್ಲೇ, ಥೀಸಿಸ್ ಒಪ್ಪಿಗೆಯಾಗುವುದು ತಡವಾದರೆ ಅದಕ್ಕೂ ಆಚೆ. ಪ್ರವೇಶ ಪತ್ರದಲ್ಲಿ ಅವಧಿ ಬರೆದಿರುವ ಸಾಲಿಗೆ ಗೆರೆ ಎಳೆದು ಮ್ಯಾನೇಜರ್ ಮುಂದಿಡಿ. ಮಂಜೂರಾತಿ ಪತ್ರದಲ್ಲಿ 5 ವರ್ಷ ಎಂದು ಅಚ್ಚಾಗಿದೆಯೇ ಎಂದು ನೋಡಿಯೇ ಸಹಿ ಹಾಕಿ.